ಸ್ಕ್ರಿಪ್ಟ್‌ನಿಂದ ಅನ್ಯ ಪ್ರೋಗ್ರಾಂಗೆ ಕರೆ: ನಡುವಿನ ಶೆಲ್ ಬಗ್ಗೆ ಇರಲಿ ಎಚ್ಚರ

ಜಾಲತಾಣಕ್ಕೆ ಬಳಕೆದಾರರು ಕಳುಹಿಸುವ ಛಾಯಾಚಿತ್ರವನ್ನು ಕಿರಿದುಗೊಳಿಸುವ ಕೆಲಸವನ್ನು ಎಷ್ಟೋ ಬಾರಿ ಆ ತಾಣದ ಸ್ಕ್ರಿಪ್ಟ್ ತಾನೇ ಮಾಡುವುದಿಲ್ಲ. ಸರ್ವರ್‌ನಲ್ಲಿ ಮೊದಲೇ ಸ್ಥಾಪಿತವಾಗಿರುವ ಮತ್ತೊಂದು ಪ್ರೋಗ್ರಾಂ ಅನ್ನು ಕರೆದು, ಕೆಲಸ ಒಪ್ಪಿಸಿ, ಫಲಿತಾಂಶವನ್ನಷ್ಟೇ ಪಡೆಯುತ್ತದೆ. ಚಿತ್ರಗಳಿಗೆ ಇಮೇಜ್‌ಮ್ಯಾಜಿಕ್, ವಿಡಿಯೋಗಳಿಗೆ ಎಫ್‌ಎಫ್‌ಎಂಪೆಗ್ ಹೀಗೆ ಬಳಕೆಯಾಗುವ ಪ್ರಸಿದ್ಧ ತಂತ್ರಾಂಶಗಳು. ಇದ್ದುದನ್ನೇ ಮತ್ತೆ ಬರೆಯುವ ಶ್ರಮ ಇದರಿಂದ ಉಳಿಯುತ್ತದೆ. ಆದರೆ ಕರೆಯುವ ಕ್ರಮ ತಪ್ಪಿದರೆ ಇಡೀ ಸರ್ವರ್ ಪರರ ಪಾಲಾಗಬಹುದು.

ಎರಡು ಮಾರ್ಗಗಳು

ಹೊರಗಿನ ಪ್ರೋಗ್ರಾಂ ಅನ್ನು ಎರಡು ಬಗೆಯಲ್ಲಿ ಕರೆಯಬಹುದು. ಮೊದಲನೆಯದರಲ್ಲಿ ಸ್ಕ್ರಿಪ್ಟ್ ಇಡೀ ಆದೇಶವನ್ನು ಒಂದೇ ಸಾಲಾಗಿ ಜೋಡಿಸಿ ಶೆಲ್‌ಗೆ ಒಪ್ಪಿಸುತ್ತದೆ. ಟೈಪ್ ಮಾಡಿದ ಆದೇಶಗಳನ್ನು ಅರ್ಥೈಸಿ ನಡೆಸುವ ಮಧ್ಯವರ್ತಿಯೇ ಶೆಲ್. ಸಿ ಭಾಷೆಯ ‘ಸಿಸ್ಟಂ’, ಪೈಥಾನ್‌ನ ‘ಓಎಸ್.ಸಿಸ್ಟಂ’ ಈ ಬಗೆಯವು. ಎರಡನೆಯದರಲ್ಲಿ ಪ್ರೋಗ್ರಾಂನ ಹೆಸರನ್ನೂ ಅದಕ್ಕೆ ನೀಡಬೇಕಾದ ಒಂದೊಂದು ಮಾಹಿತಿಯನ್ನೂ ಬಿಡಿಬಿಡಿಯಾಗಿ ಪಟ್ಟಿ ಮಾಡಿ ಕೊಡಲಾಗುತ್ತದೆ. ಯುನಿಕ್ಸ್, ಲಿನಕ್ಸ್‌ಗಳಲ್ಲಿ ಆಗ ಮಧ್ಯವರ್ತಿಯ ಪ್ರಮೇಯವೇ ಇಲ್ಲ. 2004ರಲ್ಲಿ ಪೈಥಾನ್ 2.4 ಆವೃತ್ತಿಯೊಡನೆ ಬಂದ ‘ಸಬ್‌ಪ್ರೊಸೆಸ್’, ಬೇರೆಯಾಗಿ ಸೂಚಿಸದ ಹೊರತು, ಈ ಎರಡನೆಯ ಮಾರ್ಗವನ್ನೇ ಅನುಸರಿಸುತ್ತದೆ.

ವ್ಯತ್ಯಾಸ ಚಿಕ್ಕದೆನಿಸಿದರೂ ಪರಿಣಾಮ ದೊಡ್ಡದು. ಶೆಲ್‌ನ ದೃಷ್ಟಿಯಲ್ಲಿ ಅರ್ಧವಿರಾಮ ಚಿಹ್ನೆ ಎಂದರೆ ಒಂದು ಆದೇಶ ಮುಗಿದು ಮತ್ತೊಂದು ಆರಂಭವಾಯಿತೆಂದು ಅರ್ಥ. ಬಳಕೆದಾರ ನೀಡಿದ ಕಡತದ ಹೆಸರಿನಲ್ಲಿ ಅರ್ಧವಿರಾಮವೂ ಅದರ ಮುಂದೆ ಕಡತಗಳನ್ನು ಅಳಿಸುವ ಆದೇಶವೂ ಅಡಗಿದ್ದರೆ, ಶೆಲ್ ಅದನ್ನೂ ಚಾಚೂತಪ್ಪದೆ ಪಾಲಿಸುತ್ತದೆ. ಪಟ್ಟಿಯ ಮಾರ್ಗದಲ್ಲಾದರೋ ಅದು ಬರೀ ವಿಚಿತ್ರ ಹೆಸರಾಗಿ ಉಳಿಯುತ್ತದೆ.

2016ರ ಪಾಠ

2016ರ ಮೇ ತಿಂಗಳಲ್ಲಿ ಬಹಿರಂಗವಾದ ‘ಇಮೇಜ್‌ಟ್ರ್ಯಾಜಿಕ್’ ದೋಷ ಇದಕ್ಕೆ ತಕ್ಕ ನಿದರ್ಶನ. ಇಮೇಜ್‌ಮ್ಯಾಜಿಕ್ ಕೆಲವು ಕಾರ್ಯಗಳಿಗೆ ತಾನೂ ಹೊರಗಿನ ಪ್ರೋಗ್ರಾಂಗಳನ್ನು ಶೆಲ್ ಮೂಲಕ ಕರೆಯುತ್ತಿತ್ತು. ಚಿತ್ರದ ಕಡತದೊಳಗೆ ಬರೆದಿದ್ದ ಜಾಲ ವಿಳಾಸವನ್ನು ಸರಿಯಾಗಿ ಶೋಧಿಸದೆ ಆದೇಶದ ಸಾಲಿಗೆ ಸೇರಿಸುತ್ತಿತ್ತು. ಹೀಗಾಗಿ ಚಿತ್ರದ ಸೋಗಿನಲ್ಲಿ ಬಂದ ಕಡತವೇ ಸರ್ವರ್‌ಗೆ ಆಜ್ಞೆ ಮಾಡುವಂತಾಯಿತು. ಫೇಸ್‌ಬುಕ್‌ನ ಸರ್ವರ್‌ನಲ್ಲಿ ಈ ದೋಷ ಉಳಿದಿದ್ದುದನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ವರದಿ ಮಾಡಿದ ಭದ್ರತಾ ಸಂಶೋಧಕರೊಬ್ಬರಿಗೆ ಆ ಸಂಸ್ಥೆ 40 ಸಾವಿರ ಡಾಲರ್ ಬಹುಮಾನ ನೀಡಿತು.

ವಿಂಡೋಸ್‌ನಲ್ಲಿ ಪಟ್ಟಿಯೂ ಪೂರ್ಣ ರಕ್ಷೆಯಲ್ಲ. ಅಲ್ಲಿ ಪಟ್ಟಿಯು ಕೊನೆಗೆ ಒಂದೇ ಸಾಲಾಗಿ ಬೆಸೆದು ಹೋಗುತ್ತದೆ; ಬ್ಯಾಚ್ ಕಡತಗಳನ್ನಂತೂ ಶೆಲ್ಲೇ ನಡೆಸುತ್ತದೆ. ಈ ಕಾರಣದಿಂದಲೇ ರಸ್ಟ್ ಭಾಷೆಯ ತಂಡ 2024ರ ಏಪ್ರಿಲ್‌ನಲ್ಲಿ 1.77.2 ಆವೃತ್ತಿಯ ಮೂಲಕ ಗಂಭೀರ ದೋಷವೊಂದನ್ನು ಸರಿಪಡಿಸಬೇಕಾಯಿತು.

ಗಮನಿಸಬೇಕಾದ ಅಂಶಗಳು

* ಬಳಕೆದಾರರಿಂದ ಬಂದ ಪದಗಳನ್ನು ಶೆಲ್‌ಗೆ ಹೋಗುವ ಸಾಲಿನಲ್ಲಿ ಸೇರಿಸಬಾರದು.

* ಅಡ್ಡಗೆರೆಯಿಂದ ಆರಂಭವಾಗುವ ಹೆಸರನ್ನು ಪ್ರೋಗ್ರಾಂಗಳು ಸೂಚನೆಯೆಂದು ಭಾವಿಸುತ್ತವೆ. ಅಂತಹ ಹೆಸರಿಗೆ ಮೊದಲು ಜೋಡಿ ಅಡ್ಡಗೆರೆ ಇಟ್ಟರೆ, ಸೂಚನೆಗಳು ಅಲ್ಲಿಗೆ ಮುಗಿದವೆಂದು ಹಲವು ಪ್ರೋಗ್ರಾಂಗಳು ತಿಳಿಯುತ್ತವೆ.

* ಕೆಲಸ ಮುಗಿಸಿದ ಪ್ರೋಗ್ರಾಂ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಸೊನ್ನೆ ಎಂದರೆ ಯಶಸ್ಸು. ಬೇರೆ ಸಂಖ್ಯೆ ಸಾಮಾನ್ಯವಾಗಿ ವೈಫಲ್ಯದ ಸೂಚನೆ. ಇದನ್ನು ಪರಿಶೀಲಿಸದ ಸ್ಕ್ರಿಪ್ಟ್, ನಡೆಯದ ಬ್ಯಾಕಪ್‌ ಅನ್ನೂ ನಡೆದಿದೆ ಎಂದೇ ನಂಬುತ್ತದೆ.

* ಕರೆದ ಪ್ರೋಗ್ರಾಂನ ಉತ್ತರವನ್ನು ಒಡನೊಡನೆ ಓದಬೇಕು. ಲಿನಕ್ಸ್‌ನಲ್ಲಿ ಉತ್ತರ ಹರಿದುಬರುವ ‘ಪೈಪ್’ ಸಾಮಾನ್ಯವಾಗಿ 64 ಕಿಲೋಬೈಟ್‌ಗಳಿಗೆ ತುಂಬುತ್ತದೆ. ತುಂಬಿದರೆ ಬರೆಯುವ ಪ್ರೋಗ್ರಾಂ ಅಲ್ಲೇ ಕಾಯುತ್ತದೆ. ಅದು ಮುಗಿಯಲೆಂದು ಸ್ಕ್ರಿಪ್ಟ್ ಕಾಯುತ್ತದೆ. ಎರಡೂ ಮುಂದುವರಿಯವು.

* ಕಾಯುವುದಕ್ಕೂ ಕಾಲಮಿತಿ ನಿಗದಿಪಡಿಸುವುದು ಒಳಿತು.

ಕೆಲಸವನ್ನು ಅನ್ಯ ಪ್ರೋಗ್ರಾಂಗೆ ಒಪ್ಪಿಸಿದರೂ, ಅದರ ಕೈಗೆ ಏನನ್ನು ಕೊಡಲಾಯಿತು ಎಂಬುದರ ಹೊಣೆ ಸ್ಕ್ರಿಪ್ಟ್ ಬರೆದವರದೇ ಆಗಿರುತ್ತದೆ.