ಕೊಪ್ಪಿನ ಮೇಲೊಂದು ತುಂಡು ಮರ

ಪುಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಾನು ಮಾಡಿದ ಮೊದಲ ಬಿಲ್ಲು ನಡುವೆ ಮುರಿಯಲಿಲ್ಲ. ಮೇಲಿನ ತುದಿಯಲ್ಲಿ, ಹೆದೆಯ ಕುಣಿಕೆ ಕೂರುವ ಕಚ್ಚಿನಿಂದ ಕೆಳಕ್ಕೆ ಸೀಳು ಬಿಟ್ಟಿತು. ಟಿಂಬರ್ ಮಾರ್ಕೆಟ್ಟಿನಿಂದ ತಂದ ಆಶ್ ಮರ, ನಾಲ್ಕು ತಿಂಗಳ ಶನಿವಾರ ಭಾನುವಾರಗಳು, ಎಲ್ಲವೂ ಅರ್ಧ ಇಂಚಿನ ಸೀಳಿನಲ್ಲಿ ಮುಗಿದವು. ಎಲ್ಲಿ ತಪ್ಪಿದೆ ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಸುಮಾರು ಐನೂರು ವರ್ಷಗಳ ಒಂದು ಕಥೆ.

ಆ ತುದಿಗೆ ಕನ್ನಡದಲ್ಲಿ ಹಳೆಯ ಹೆಸರೇ ಇದೆ: ಕೊಪ್ಪು. ಹೆದೆ ಸಿಕ್ಕಿಸಲು ಕಚ್ಚು ಕೊರೆದ ಬಿಲ್ಲಿನ ಕೊನೆ. ಕಿವಿಯ ಒಡವೆಗೂ ಇದೇ ಹೆಸರು. ಆದರೆ ಬಿಲ್ಲಿನ ಕೊಪ್ಪು ಅಲಂಕಾರಕ್ಕಲ್ಲ. ಬಿಲ್ಲಿನ ಬಲವೆಲ್ಲ ಹೆದೆಗೆ ದಾಟುವುದು ಈ ಒಂದೆರಡು ಬೆರಳು ಜಾಗದಲ್ಲಿ.

ಇದನ್ನು ಕಣ್ಣಾರೆ ತೋರಿಸಿದ್ದು ಒಂದು ಮುಳುಗಿದ ಹಡಗು. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಯುದ್ಧನೌಕೆ ‘ಮೇರಿ ರೋಸ್’ 1545ರ ಜುಲೈ 19ರಂದು ಪೋರ್ಟ್ಸ್‌ಮತ್ ಬಳಿ ಮುಳುಗಿತು. 1982ರಲ್ಲಿ ಅದರ ಒಡಲನ್ನು ಮೇಲೆತ್ತಿದರು. ಆ ಅವಶೇಷದಲ್ಲಿ ಸಿಕ್ಕ ಉದ್ದ ಬಿಲ್ಲುಗಳು 172, ಬಾಣಗಳು ಸಾವಿರಾರು. ಬಿಲ್ಲುಗಳೆಲ್ಲ ಯೂ ಮರದವು. ಅವುಗಳ ತುದಿಗಳಲ್ಲಿ ಮಾತ್ರ ಮರದ ಬಣ್ಣ ಬೇರೆಯಾಗಿತ್ತು. ಅಲ್ಲಿ ದನದ ಕೊಂಬಿನ ಟೋಪಿ ತೊಡಿಸಿದ್ದರು. ಕೊಂಬು ಸಮುದ್ರದಲ್ಲಿ ಕರಗಿಹೋಗಿತ್ತು, ಅದರ ಗುರುತು ಮಾತ್ರ ಮರದ ಮೇಲೆ ಉಳಿದಿತ್ತು.

ಯಾಕೆ ಕೊಂಬು? ಬಿಲ್ಲಿಗೆ ಯೂ ಮರಕ್ಕೆ ಸಾಟಿಯಿಲ್ಲ. ಹೊರಗಿನ ಬಿಳಿಮರ ಎಳೆತ ತಾಳುತ್ತದೆ, ಒಳಗಿನ ಚೇಗು ಒತ್ತಡ ತಾಳುತ್ತದೆ. ಹಡಗು ಮುಳುಗಿದ ಅದೇ 1545ರಲ್ಲಿ ಪ್ರಕಟವಾದ ‘ಟಾಕ್ಸೊಫಿಲಸ್’ ಎಂಬ ಬಿಲ್ವಿದ್ಯೆಯ ಪುಸ್ತಕದಲ್ಲಿ ರೋಜರ್ ಆ್ಯಸ್ಕಮ್ ಕೂಡ ಬಿಲ್ಲಿಗೆ ಯೂ ಮರವೇ ಮೇಲು ಎಂದಿದ್ದಾನೆ. ಅದಕ್ಕೆ ಎಷ್ಟು ಬೇಡಿಕೆಯಿತ್ತೆಂದರೆ, 1472ರಲ್ಲೇ ಇಂಗ್ಲೆಂಡ್ ಒಂದು ಕಾನೂನು ಮಾಡಿ, ಬರುವ ಹಡಗುಗಳು ಪ್ರತಿ ಟನ್ ಸರಕಿಗೆ ನಾಲ್ಕು ಬಿಲ್ಲುಕೋಲು ತರಬೇಕು ಎಂದಿತ್ತು. ಇಂಥ ಮರಕ್ಕೂ ಒಂದು ಮಿತಿಯಿದೆ. ಸೆಣಬಿನ ಬಿಗಿ ಹೆದೆ ಅದರ ತುದಿಯನ್ನು ಕೊರೆಯುತ್ತದೆ. ಬಾಗುವ ಗುಣ ಒಂದು, ಕೊರೆತ ತಾಳುವ ಗುಣ ಇನ್ನೊಂದು. ಎರಡನ್ನೂ ಒಂದೇ ಮರದಿಂದ ಕೇಳಬಾರದು ಎಂಬುದನ್ನು ಆ ಬಿಲ್ಲುಗಾರರು ಅರಿತಿದ್ದರು.

ಮುಂದೆ ಬದಲಾದದ್ದು ಹೆದೆ. 20ನೇ ಶತಮಾನದ ಮಧ್ಯದಲ್ಲಿ ನಾರುಬಟ್ಟೆಯ ನೂಲು ಹೋಗಿ ಡೆಕ್ರಾನ್ ಬಂತು. ಅದು ಕೊಂಚ ಹಿಗ್ಗುತ್ತದೆ, ಬಾಣ ಬಿಟ್ಟಾಗಿನ ಹೊಡೆತವನ್ನು ತಾನೇ ನುಂಗಿಕೊಳ್ಳುತ್ತದೆ. 1980ರ ದಶಕದಲ್ಲಿ ಬಂದ ಪಾಲಿಎಥಿಲೀನ್ ಎಳೆಯ ಹೆದೆ ಹಾಗಲ್ಲ. ಅದು ಸಪೂರ, ಹಿಗ್ಗುವುದು ತೀರ ಕಡಿಮೆ. ಬಾಣ ವೇಗವಾಗಿ ಹೋಗುತ್ತದೆ, ಆದರೆ ಹೊಡೆತವೆಲ್ಲ ಕೊಪ್ಪಿಗೆ ಬೀಳುತ್ತದೆ. ಹಳೆಯ ಬಿಲ್ಲಿಗೆ ಹೊಸ ಹೆದೆ ಕಟ್ಟಿದವರು ತುದಿ ಸೀಳಿದ್ದನ್ನು ಕಂಡರು. ನಾನು ಮಾಡಿದ್ದೂ ಅದನ್ನೇ: ಬರಿ ಮರದ ಕಚ್ಚಿಗೆ ಇಂದಿನ ಹೆದೆ. ಒಂದು ಭಾಗವನ್ನು ಅಪ್‌ಗ್ರೇಡ್ ಮಾಡಿ, ಅದಕ್ಕೆ ಅಂಟಿಕೊಂಡಿರುವ ಇನ್ನೊಂದನ್ನು ಮರೆತರೆ ಏನಾಗುತ್ತದೆಂದು ಆಫೀಸಿನಲ್ಲಿ ದಿನಾ ಹೇಳುವವನು ನಾನು!

ಹಾಗಾಗಿಯೇ ಈಗ ಕೈಯಿಂದ ಬಿಲ್ಲು ಮಾಡುವವರು ಕೊಪ್ಪಿನ ಬೆನ್ನಿಗೆ, ಎಂದರೆ ಗುರಿಯ ಕಡೆಯ ಮುಖಕ್ಕೆ, ಗಟ್ಟಿಮರದ ತುಂಡೊಂದನ್ನು ಅಂಟಿಸುತ್ತಾರೆ. ಬಿಲ್ಲಿನ ಬೆನ್ನಿನ ಎಳೆಗಳು ಕಡಿಯಬಾರದು. ಕಚ್ಚು ಈ ತುಂಡಿನಲ್ಲಿ ಕೂತರೆ ಅವು ಉಳಿಯುತ್ತವೆ. ಮರ ಆರಿಸುವಾಗ ಮೊದಲು ನೋಡುವುದು ಸಾಂದ್ರತೆ ಮತ್ತು ಒತ್ತಾದ ಎಳೆ. ಬೀಟೆ, ಎಬೊನಿ, ದಕ್ಷಿಣ ಅಮೆರಿಕದ ಇಪೆ ಇವೆಲ್ಲ ಆಗುತ್ತವೆ. ಎಳೆ ಬಿಲ್ಲಿನ ಉದ್ದಕ್ಕೇ ಓಡಬೇಕು. ಹಾಗೆಂದು ದಪ್ಪ ತುಂಡು ಹಾಕುವಂತಿಲ್ಲ. ಬಾಣ ಬಿಟ್ಟಾಗ ಬಿಲ್ಲಿನಲ್ಲಿ ಎಲ್ಲಕ್ಕಿಂತ ವೇಗವಾಗಿ ಓಡುವುದು ತುದಿ. ಅಲ್ಲಿ ಕೂಡಿದ ಪ್ರತಿ ಗ್ರಾಂ ತೂಕವೂ ಬಾಣಕ್ಕೆ ಹೋಗಬೇಕಾದ ಶಕ್ತಿಯಲ್ಲಿ ಪಾಲು ಕೇಳುತ್ತದೆ. ಇನ್ನು ಅಂಟು. ಬೀಟೆ, ಇಪೆಯಂಥ ಮರಗಳಲ್ಲಿ ಎಣ್ಣೆಯಂಶ ಹೆಚ್ಚು. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ತಡಮಾಡದೆ ಎಪಾಕ್ಸಿ ಹಚ್ಚದಿದ್ದರೆ ತುಂಡು ಎದ್ದುಬರುತ್ತದೆ. ಉಜ್ಜುವಾಗ ಮಾಸ್ಕ್ ಮರೆಯಬಾರದು, ಆ ಪುಡಿ ಹಲವರಿಗೆ ಅಲರ್ಜಿ.

ಬೀಟೆ ಎಂದಾಗ ನಮ್ಮವರಿಗೆ ಮಲೆನಾಡು, ಮೈಸೂರಿನ ಕುಸುರಿ ಕೆಲಸ ನೆನಪಾಗುತ್ತವೆ. ಆದರೆ 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿರುವ ಸೈಟಿಸ್ ಪಟ್ಟಿಯಲ್ಲಿದೆ. ಕರ್ನಾಟಕದಲ್ಲಿ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಒಂದು ಕಾಲದಲ್ಲಿ ಯೂ ಮರಕ್ಕಾಗಿ ದೇಶಗಳು ಹಡಗು ಓಡಿಸಿದವು. ಕೊಪ್ಪಿಗೆ ಬೇಕಾದದ್ದು ಎರಡು ಬೆರಳಗಲದ ತುಂಡು. ಅದಕ್ಕಾಗಿ ಹೊಸದಾಗಿ ಮರ ಕಡಿಸುವ ಅಗತ್ಯ ಯಾರಿಗೂ ಇಲ್ಲ, ಬಡಗಿಯ ಕಸದ ರಾಶಿ ಸಾಕು.

ನನಗೆ ಅದೂ ಬೇಕಾಗಲಿಲ್ಲ. ಊರಿನ ಮನೆಯಲ್ಲಿ ಗೆದ್ದಲು ಹಿಡಿದ ಒಂದು ಮಂಚವಿತ್ತು. ಪಟ್ಟಿಗಳೆಲ್ಲ ಹೋಗಿದ್ದವು, ಬೀಟೆಯ ಕಾಲುಗಳು ಮಾತ್ರ ಗಟ್ಟಿಯಾಗಿದ್ದವು. ಅಪ್ಪ ಒಂದನ್ನು ಕೊಯ್ಸಿ ಬಸ್ಸಿನಲ್ಲಿ ಕಳಿಸಿದರು. ಎರಡನೇ ಬಿಲ್ಲಿನ ಎರಡು ಕೊಪ್ಪಿಗೂ ಅದನ್ನೇ ಅಂಟಿಸಿದೆ. ಇಂದಿನ ಹೆದೆಯನ್ನೇ ಕಟ್ಟಿದ್ದೇನೆ. ಈ ಸಲ ಒಂದು ಮಳೆಗಾಲ ದಾಟಿದೆ, ಸೀಳು ಬಂದಿಲ್ಲ.