ಟೋಪಿ ಬಿಲ್ಲೆ

ಸೈನಿಕರೂ ಮಾಜಿ ಸೈನಿಕರೂ ಟೋಪಿಯ ಮೇಲೆ ಧರಿಸುವ ಲೋಹದ ಲಾಂಛನ. ರೂಢಿಯ ಮಾತಿನಲ್ಲಿ ಬ್ಯಾಡ್ಜು. ಶಿರಗುಪ್ಪಿ, ಕಾಗವಾಡ, ಚಿಕ್ಕೋಡಿ ಸೀಮೆಯ ಸಂಗ್ರಾಹಕರು ಮೊದಲು ಕಲಿಯಬೇಕಾದದ್ದು ಮರಾಠಾ ಲಘು ಪದಾತಿದಳದ ಬಿಲ್ಲೆ. 1768ರಲ್ಲಿ ಮೂಲ ಪಡೆದ ಈ ದಳದ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ.

ಬಿಲ್ಲೆಯಲ್ಲಿರುವ ಕಹಳೆ ಲಘು ಪದಾತಿದಳದ ಗುರುತು. ಕಾಲನಿರ್ಣಯಕ್ಕೆ ನೆತ್ತಿ ನೋಡಬೇಕು: ಕಿರೀಟವಿದ್ದರೆ ಬ್ರಿಟಿಷರ ಕಾಲದ್ದು, ಅಶೋಕ ಸಿಂಹಗಳಿದ್ದರೆ 1950ರ ಗಣರಾಜ್ಯದ ನಂತರದ್ದು. ಇಷ್ಟಕ್ಕೇ ನಿಲ್ಲದೆ ಬಿಲ್ಲೆಯನ್ನು ತಿರುವಿ ಹಿಡಿಯಿರಿ. ನಿಜಸಂಗತಿ ಹೆಚ್ಚಾಗಿ ಬೆನ್ನಿನಲ್ಲಿರುತ್ತದೆ. ತಗಡಿಗೆ ಅಚ್ಚೊತ್ತಿದ ಬಿಲ್ಲೆಯ ಹಿಂಬದಿ ಟೊಳ್ಳು, ಮುಂದಿನ ಚಿತ್ರ ಅಲ್ಲಿ ತಗ್ಗಾಗಿ ಕಾಣುತ್ತದೆ. ಎರಕದ್ದರಲ್ಲಿ ಸಣ್ಣ ಸಣ್ಣ ರಂಧ್ರಗಳು ಕೈಗೆ ತಗಲುತ್ತವೆ. ಟೋಪಿಗೆ ಸಿಕ್ಕಿಸುವ ಪಟ್ಟಿಯನ್ನೋ ಕುಣಿಕೆಯನ್ನೋ ಹೊಸದಾಗಿ ಬೆಸೆದ ಕಲೆ ಕಂಡರೆ ಅನುಮಾನಿಸುವುದು ಸರಿ.

ದಳದ ಬಿಲ್ಲೆಯನ್ನೂ ಮಾಜಿ ಸೈನಿಕರ ಸಂಘದ ಬಿಲ್ಲೆಯನ್ನೂ ಒಂದೇ ಎಂದುಕೊಳ್ಳಬಾರದು. ಕೊಡಗಿನ ಕೆ. ಎಂ. ಕಾರ್ಯಪ್ಪ ಅವರ ಮುಂದಾಳುತನದಲ್ಲಿ 1964ರಲ್ಲಿ ಹುಟ್ಟಿದ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್‌ನಂಥ ಸಂಘದ ಬಿಲ್ಲೆ ಸದಸ್ಯತ್ವವನ್ನಷ್ಟೇ ಹೇಳುತ್ತದೆ, ಕಾದಿದ ರಣರಂಗವನ್ನಲ್ಲ.

ಹಿತ್ತಾಳೆ ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಬಾರದು. ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ್ದನ್ನು ಅವರ ಡಿಸ್ಚಾರ್ಜ್ ಪುಸ್ತಕದೊಂದಿಗೇ ಇಡಬೇಕು; ಬೇರ್ಪಟ್ಟರೆ ಬಿಲ್ಲೆ ಯಾರದೆಂದು ಹೇಳುವ ಸಾಕ್ಷಿ ಹೋಗುತ್ತದೆ.