ಒಲ್ಲದವರ ಓಟು: ಮಂಜೇಶ್ವರ, 1957–1970

1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ನಾಲ್ಕೈದು ತಿಂಗಳಲ್ಲೇ ಹೊಸ ರಾಜ್ಯದ ಮೊದಲ ಚುನಾವಣೆ ನಡೆದು, ಮಂಜೇಶ್ವರದಿಂದ ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಮುಂದೆ 1960, 1965 ಮತ್ತು 1967ರಲ್ಲಿ ಗೆದ್ದವರು ಕಾಸರಗೋಡನ್ನು ಕನ್ನಡ ನಾಡಿಗೆ ಸೇರಿಸಬೇಕೆಂಬ ವಿಲೀನ ಚಳವಳಿಯ ಕೆ. ಮಹಾಬಲ ಭಂಡಾರಿ. (1965ರ ಸಭೆ ಸೇರಲೇ ಇಲ್ಲವೆಂಬುದು ಬೇರೆ ಮಾತು.) ಕೇರಳ ಬೇಡವೆಂದ ಕ್ಷೇತ್ರ ಕೇರಳದ ವಿಧಾನಸಭೆಗೇ ಶಾಸಕರನ್ನು ಕಳಿಸುತ್ತ ಬಂತು. ಇದರಲ್ಲಿ ಇಬ್ಬಂದಿತನವನ್ನು ಕಾಣಬಹುದು, ಇಲ್ಲವೇ ಒಳಗೊಳಗೇ ಒಪ್ಪಿಕೊಂಡರೆಂದು ಹೇಳಬಹುದು. ನನಗೆ ಎರಡೂ ಸರಿಯೆನಿಸುವುದಿಲ್ಲ. ಆ ಓಟು ಒಂದು ಅಹವಾಲು. ಅಹವಾಲು ಹೊತ್ತು ಬಂದವರನ್ನು ಪ್ರಜೆಗಳನ್ನಾಗಿ ಮಾಡಿಕೊಳ್ಳುವ ಕೆಲಸ ಮತಪೆಟ್ಟಿಗೆಯಿಂದಾಚೆಗಿನದು. ಅದು ಗದ್ದೆಯಲ್ಲಿ ಬಹುಮಟ್ಟಿಗೆ ಆಯಿತು, ಕಚೇರಿಯಲ್ಲಿ ಅರೆಬರೆಯಾಯಿತು.

ಮೊದಲು ಗದ್ದೆಯ ಮಾತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು ಗಡಿ ತಕರಾರನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಶಿಫಾರಸು ಜಾರಿಗೆ ಬರಲಿಲ್ಲ, ಭೂಮಿಯ ಕಾನೂನು ಬಂತು. 1970ರ ಜನವರಿ 1ರಿಂದ ಕೇರಳದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಯಾಗಿ, ಗೇಣಿ ಪದ್ಧತಿಯೇ ರದ್ದಾಯಿತು. ಅದೇ ವರ್ಷದ ಚುನಾವಣೆಯಲ್ಲಿ ಮಂಜೇಶ್ವರ ಸಿಪಿಐನ ಎಂ. ರಾಮಪ್ಪ ಅವರಿಗೆ ಒಲಿಯಿತು. ಹಾಗಾದರೆ ವಿಲೀನದ ಕೂಗು ಧಣಿಗಳದ್ದು ಮಾತ್ರವಾಗಿತ್ತೇ? ಆಕ್ಷೇಪದಲ್ಲಿ ಹುರುಳಿದೆ: ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುತ್ತಿದ್ದ ಚಾಲಗೇಣಿ (ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ) ಒಕ್ಕಲಿಗೆ ಗಡಿಗಿಂತ ಗೇಣಿಯ ಚಿಂತೆ ದೊಡ್ಡದು. ಆದರೆ ಭೂಮಿಯ ಪಟ್ಟೆ ಕೈಗೆ ಬಂದವನು ಮಗನನ್ನು ಕನ್ನಡ ಶಾಲೆಯಿಂದ ಬಿಡಿಸಿಬಿಡಬೇಕಿರಲಿಲ್ಲ. ಭೂಮಿಯ ಪ್ರಶ್ನೆ ತೀರಿದರೂ ಭಾಷೆಯ ಪ್ರಶ್ನೆ ಹಾಗೇ ಉಳಿಯಿತು.

ಇನ್ನು ಕಚೇರಿಯ ಮಾತು. ಕಾಗದದ ಮೇಲೆ ಏರ್ಪಾಡುಗಳಿಗೆ ಕೊರತೆಯಿಲ್ಲ. ರಾಜ್ಯಗಳ ಪುನರ್ವಿಂಗಡಣೆಯ ಜೊತೆಗೇ ಬಂದ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ, 350ಬಿ ವಿಧಿಗಳನ್ನು ಸೇರಿಸಿತು: ಒಂದು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ, ಇನ್ನೊಂದು ಆ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಗೆ. ಕೇರಳದ 1969ರ ರಾಜಭಾಷಾ ಕಾಯ್ದೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಈ ಎರಡನೆಯ ತುಂಡೇ ಕಷ್ಟದ್ದು. ಅರ್ಜಿ ಬರೆಯಲು ಅರ್ಜಿದಾರನೊಬ್ಬ ಸಾಕು; ಉತ್ತರ ಬರೆಯಲು ವಿಲೇಜ್ ಆಫೀಸಿನ ಮೇಜಿನ ಹಿಂದೆ ಕನ್ನಡ ಬಲ್ಲ ಗುಮಾಸ್ತ ಇರಬೇಕು, ಅವನ ವರ್ಗವಾದರೆ ಅಂಥವನೇ ಇನ್ನೊಬ್ಬ ಬರಬೇಕು. ಹಕ್ಕು ನೇಮಕಾತಿಯ ಬಾಲ ಹಿಡಿದು ನಡೆಯುತ್ತದೆ.

ಬೆಂಗಳೂರಿನ ಬಳಿಯ ಜಿಗಣಿಯ ಕಾರ್ಖಾನೆಗೆ ಬಂದ ಮಲಯಾಳಿ ಕನ್ನಡ ಕಲಿಯಲಿ ಎನ್ನುವ ನಾವು, ಮಂಜೇಶ್ವರದವರು ಮಲಯಾಳ ಕಲಿಯಲಿ ಎಂದರೆ ಯಾಕೆ ಮುನಿಯಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಜಿಗಣಿಗೆ ಬಂದವನು ಕೆಲಸ ಹುಡುಕಿಕೊಂಡು ಬಂದ; ಮಂಜೇಶ್ವರದವನು ಇದ್ದ ಮನೆಯಲ್ಲೇ ಇದ್ದ, ಕಚೇರಿಯ ಭಾಷೆ ಬದಲಾಯಿತು. ಕಲಿಯುವುದು ಇಬ್ಬರಿಗೂ ಒಳ್ಳೆಯದೇ, ಆದರೆ ಕಲಿಯುವ ತನಕ ಕಾಯುವ ಹೊಣೆ ಎರಡನೆಯ ಸಂದರ್ಭದಲ್ಲಿ ಸರ್ಕಾರದ್ದು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಕಾಸರಗೋಡಿನ ಕನ್ನಡಿಗರು ಮತ್ತೆ ಬೀದಿಗಿಳಿದರು. ಈ ಸಲದ ಮುಖ್ಯ ಬೇಡಿಕೆ ಗಡಿಯದ್ದಲ್ಲ. ಕೇರಳದ ಕಾಯ್ದೆಯೊಳಗೇ ತಮಗೊಂದು ವಿನಾಯಿತಿ.